ಸಕ್ಕರೆಗಾಗಿ ಕಾದ ಗುಲಾಬಿ

ಹೂವಿನ ಜೆಲ್ಲಿ ಎಂದರೆ ಈಗ ಅನೇಕರಿಗೆ ಗಾಜಿನ ಬಾಟಲಿಯಲ್ಲಿ ಬರುವ ಪಾಶ್ಚಾತ್ಯ ತಿನಿಸು. ಹೂವು ಕುದಿಸಿ ಸೋಸಿದ ನೀರಿಗೆ ಸಕ್ಕರೆ, ನಿಂಬೆರಸ, ಪೆಕ್ಟಿನ್ ಪುಡಿ ಹಾಕಿ ಗಟ್ಟಿಯಾಗಿಸುವುದು ಅದರ ಕ್ರಮ. ದಾವಣಗೆರೆ ಸೀಮೆಯ ಮನೆಗಳಿಗೆ ಇದಕ್ಕಿಂತ ಹಳೆಯ ದಾರಿಯೊಂದು ಗೊತ್ತು. ಅದಕ್ಕೆ ಒಲೆ ಬೇಕಿಲ್ಲ, ಬಿಸಿಲು ಸಾಕು. ಊಟವಾದ ಮೇಲೆ ಎಲೆ ಅಡಿಕೆಯ ಜೊತೆ ಬಾಯಿಗೆ ಬೀಳುವ ಗುಲ್ಕನ್ ಅದು.

ಈ ಸೀಮೆಯ ಚನ್ನಗಿರಿ ಅಡಿಕೆಯ ಊರು, ಹಾಗಾಗಿ ತಾಂಬೂಲದ ಮಾತಿಲ್ಲದೆ ಈ ಕತೆ ನಡೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆಸಿದ ‘ಮಾನಸೋಲ್ಲಾಸ’ ತಾಂಬೂಲವನ್ನು ರಾಜಭೋಗಗಳಲ್ಲಿ ಒಂದೆಂದು ಎಣಿಸಿ, ಅದಕ್ಕೆಂದೇ ಒಂದು ಭಾಗ ಮೀಸಲಿಟ್ಟಿದೆ. ಎಲೆ, ಅಡಿಕೆ, ಸುಣ್ಣ, ಕರ್ಪೂರ, ಕಸ್ತೂರಿ ಎಲ್ಲವೂ ಅಂದೇ ಇದ್ದವು. ಗುಲಾಬಿಗೂ ಕೊರತೆ ಇರಲಿಲ್ಲ. 1443ರಲ್ಲಿ ಎರಡನೆಯ ದೇವರಾಯನ ವಿಜಯನಗರಕ್ಕೆ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಪೇಟೆಯಲ್ಲಿ ಎಲ್ಲಿ ನೋಡಿದರೂ ಗುಲಾಬಿ ಮಾರುವವರೇ, ಇಲ್ಲಿಯ ಜನಕ್ಕೆ ಅನ್ನದಷ್ಟೇ ಗುಲಾಬಿಯೂ ಬೇಕು ಎಂದು ಬೆರಗಾಗಿ ಬರೆದಿದ್ದಾನೆ. ವೀಳ್ಯದೆಲೆಯ ಗುಣಗಾನವನ್ನೂ ಅವನು ಬಿಟ್ಟಿಲ್ಲ.

ಗುಲಾಬಿಯನ್ನು ಸಿಹಿಯಲ್ಲಿ ಹೂತಿಡುವ ಕಲೆ ಮಾತ್ರ ಪಶ್ಚಿಮ ಏಷ್ಯಾದ ವೈದ್ಯರದು. 11ನೇ ಶತಮಾನದಲ್ಲೇ ಇಬ್ನ್ ಸೀನಾ ಕ್ಷಯರೋಗಿಗೆ ಗುಲಾಬಿ ಪಾಕ ತಿನ್ನಿಸಿದ್ದನ್ನು ತನ್ನ ವೈದ್ಯಗ್ರಂಥದಲ್ಲಿ ಹೇಳಿದ್ದಾನೆ. ಆ ವಿದ್ಯೆ ಯುನಾನಿ ಹಕೀಮರ ಕೈಯಲ್ಲಿ ಭಾರತಕ್ಕೆ, ಸುಲ್ತಾನರ ಆಡಳಿತದ ಜೊತೆ ದಖ್ಖನಿಗೆ ಬಂತು. ಆ ಸಂಪರ್ಕದ ಗುರುತು ನೋಡಬೇಕೆಂದರೆ ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿಗೆ ಹೋಗಬೇಕು. ಪಾಳೆಯಗಾರರ ಕಾಲದ ಪುಷ್ಕರಣಿಯ ಎದುರಿಗೇ 17ನೇ ಶತಮಾನದಲ್ಲಿ ಬಿಜಾಪುರದ ಸೇನಾನಿ ರಣದುಲ್ಲಾ ಖಾನ್ ಕಟ್ಟಿಸಿದ ಕಟ್ಟಡ ನಿಂತಿದೆ. ಗುಲ್ಕನ್ ಇದೇ ದಾರಿಯಲ್ಲಿ ಬಂತೆಂದು ಶಾಸನ ತೋರಿಸಲಾಗದು. ಆದರೆ ಈ ಸೀಮೆ ಬಿಜಾಪುರದ ರುಚಿಗೆ ದೂರವಾಗಿರಲಿಲ್ಲ.

ಹಾಗಾದರೆ ಗುಲ್ಕನ್ ಬಹುಕಾಲ ಹಳ್ಳಿಮನೆಯ ಜಾಡಿ ಸೇರದೆ ಉಳಿದದ್ದೇಕೆ? ಕಾರಣ ಸಕ್ಕರೆ. ಕಬ್ಬಿತ್ತು, ಆಲೆಮನೆಯೂ ಇತ್ತು, ಆದರೆ ಅಲ್ಲಿ ಇಳಿಯುತ್ತಿದ್ದದ್ದು ಬೆಲ್ಲ. ಬೆಲ್ಲದ ಘಾಟು ಗುಲಾಬಿಯ ಕಂಪನ್ನು ನುಂಗುತ್ತದೆ. ಸಾಲದ್ದಕ್ಕೆ ಅದು ತೇವ ಎಳೆದುಕೊಂಡು ಹುಳಿಯುತ್ತದೆ. ಟಿಪ್ಪುವಿನ ಪತನದ ಮರುವರ್ಷ, 1800ರಲ್ಲಿ, ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಅಚ್ಚ ಬಿಳಿ ಸಕ್ಕರೆ ಮಾಡುವ ವಿದ್ಯೆ ಚನ್ನಪಟ್ಟಣದ ಒಂದು ಮನೆತನದ ಗುಟ್ಟು, ಅದು ಹೋಗುತ್ತಿದ್ದದ್ದು ಅರಮನೆಗೆ ಎಂದು ದಾಖಲಿಸಿದ್ದಾನೆ. ಸಕ್ಕರೆಯೇ ಅರಮನೆಯ ಪಾಲಾದಾಗ ಹೊನ್ನಾಳಿಯ ರೈತನ ಹಿತ್ತಲ ಗುಲಾಬಿ ದೇವರ ತಲೆಗೋ ಹೆಣ್ಣಿನ ಮುಡಿಗೋ ಹೋಗದೆ ಇನ್ನೆಲ್ಲಿ ಹೋದೀತು? 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಶುರುವಾಯಿತು. ಬಿಳಿ ಸಕ್ಕರೆ ಕ್ರಮೇಣ ಸಾಮಾನ್ಯರ ಡಬ್ಬಿಗೂ ಇಳಿಯಿತು.

ಮಾಡುವ ಕ್ರಮ ಸರಳ, ಅವಸರ ಮಾತ್ರ ಕೂಡದು. ಕಂಪುಳ್ಳ ಪನ್ನೀರು ಗುಲಾಬಿಯ ಎಸಳು ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ನೀರಿನ ಪಸೆ ಆರುವವರೆಗೆ ಹರಡಬೇಕು. ಎಸಳಿನ ತೂಕಕ್ಕೆ ಸುಮಾರು ಎರಡು ಪಟ್ಟು ಸಕ್ಕರೆ ಅಥವಾ ಪುಡಿ ಮಾಡಿದ ಕಲ್ಲುಸಕ್ಕರೆ. ಒಂದು ಪದರ ಎಸಳು, ಒಂದು ಪದರ ಸಕ್ಕರೆಯಂತೆ ಗಾಜಿನ ಜಾಡಿ ತುಂಬಿ, ಬಾಯಿಗೆ ಬಟ್ಟೆ ಬಿಗಿದು, ಮೂರು ನಾಲ್ಕು ವಾರ ಬಿಸಿಲಿಗಿಟ್ಟು ಆಗಾಗ ಒಣ ಚಮಚದಲ್ಲಿ ಕಲಕಬೇಕು. ಸಕ್ಕರೆ ಎಸಳಿನ ನೀರನ್ನು ಹೊರಗೆಳೆಯುತ್ತದೆ. ಆ ನೀರಲ್ಲೇ ತಾನೂ ಕರಗಿ ಪಾಕವಾಗುತ್ತದೆ. ಇಷ್ಟು ಸಿಹಿಯಲ್ಲಿ ಬೂಸ್ಟು ಬೆಳೆಯುವುದು ಕಷ್ಟ. ಕುದಿ ತಾಗದ ಕಾರಣ ಕಂಪೂ ಹಾರುವುದಿಲ್ಲ. ಈ ಒಂದು ವಿಷಯದಲ್ಲಿ ಪಾಶ್ಚಾತ್ಯರ ಕುದಿಸಿದ ಜೆಲ್ಲಿಗಿಂತ ನಮ್ಮ ಜಾಡಿಯೇ ಮೇಲು.

1960ರ ದಶಕದಲ್ಲಿ ಭದ್ರಾ ನಾಲೆಯ ನೀರು ಹರಿದ ಮೇಲೆ ಚನ್ನಗಿರಿ ಕಡೆ ಅಡಿಕೆ ತೋಟ ಹಬ್ಬುತ್ತಲೇ ಹೋಯಿತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ಅಷ್ಟರಲ್ಲಿ ತಾಂಬೂಲದ ತಟ್ಟೆಯೇ ಸೊರಗಿತ್ತು. ಕೆಂಪಡಿಕೆ ಮೂಟೆಗಳಲ್ಲಿ ಪಾನ್ ಮಸಾಲೆ, ಗುಟ್ಕಾ ಕಾರ್ಖಾನೆಗಳಿಗೆ ಉತ್ತರಕ್ಕೆ ಹೊರಟಿತು. ಇನ್ನು ಗುಲ್ಕನ್ನಿಗೆ ಹೆಸರಾಗಿರುವುದು ರಾಜಸ್ಥಾನದ ಪುಷ್ಕರ. ಅಡಿಕೆ ಬೆಳೆಯುವ ಊರಿನವರು ಡಬ್ಬಿ ಗುಲ್ಕನ್ನಿಗೆ ಕೈಯೊಡ್ಡುವುದು ವಿಚಿತ್ರವೇ ಸರಿ.

ಜಗಳೂರಿನ ಮಾತು ಬೇರೆ. ನಾಲೆಯಿಲ್ಲದ ಬಯಲು, ಗುಲಾಬಿಗೆ ನೀರೆರೆಯುವುದೇ ದುಬಾರಿ. ಆ ನೆಲಕ್ಕೆ ಒಗ್ಗಿದ್ದು ತಂಗಡಿ. ತೊಗಟೆ ಚರ್ಮ ಹದ ಮಾಡಲು, ಹಳದಿ ಹೂವು ಕಷಾಯಕ್ಕೆ. ಇನ್ನೊಂದು ಪುಂಡಿ. ಸೊಪ್ಪು ರೊಟ್ಟಿಯ ಪಲ್ಯಕ್ಕೆ, ನಾರು ಹಗ್ಗಕ್ಕೆ. ಕೆಂಪು ಪುಂಡಿಯ ಹೂ ಉದುರಿದ ಮೇಲೆ ಕಾಯಿಯನ್ನು ಸುತ್ತಿ ಉಳಿಯುವ ದಪ್ಪ ಪುಷ್ಪಪತ್ರಗಳಲ್ಲಿ ಹುಳಿಯೂ ಇದೆ, ಪೆಕ್ಟಿನ್ನೂ ಇದೆ. ಆಸ್ಟ್ರೇಲಿಯಾದವರು ಇದರಿಂದ ಜಾಮು, ಜೆಲ್ಲಿ ಮಾಡುತ್ತಾರೆ. ಸಕ್ಕರೆ ಹಾಕಿ ಕುದಿಸಿದರೆ, ಯಾವ ಪುಡಿಯ ಹಂಗೂ ಇಲ್ಲದೆ ಮಾಣಿಕ್ಯದ ಬಣ್ಣದಲ್ಲಿ ಗಟ್ಟಿಯಾಗುತ್ತದೆ. ಜೆಲ್ಲಿಯೇ ಬೇಕೆನ್ನುವವರಿಗೆ ನಮ್ಮ ಹೊಲದ ಬದುವಿನ ಉತ್ತರ ಇದು.

ಮನೆಯಲ್ಲಿ ಮಾಡಹೊರಡುವವರು ಒಂದನ್ನು ನೆನಪಿಡಬೇಕು. ಹೂವಿನ ಮಾರುಕಟ್ಟೆಯ ಗುಲಾಬಿ ಬೆಳೆದದ್ದು ಮುಡಿಗೆ ಮತ್ತು ಹಾರಕ್ಕೆ, ಬಾಯಿಗಲ್ಲ. ಅದಕ್ಕೆ ಬಿದ್ದ ಕೀಟನಾಶಕ ತೊಳೆದರೆ ಪೂರ್ತಿ ಹೋಗುವುದಿಲ್ಲ. ಔಷಧಿ ಹೊಡೆಯದ ಪನ್ನೀರು ಗುಲಾಬಿಯ ಎರಡು ಗಿಡ ಹಿತ್ತಲಲ್ಲಿ ನೆಟ್ಟು, ಅದರ ಹೂವನ್ನೇ ಬಳಸಿ.