ಶ್ರವಣವೂ ಸನ್ನಿಧಿಯೂ: ವಿಜಯಪುರ ಸೀಮೆಯ ಧರ್ಮಸಭೆಗಳಲ್ಲಿ ಧ್ವನಿವರ್ಧಕದಿಂದ ನೇರಪ್ರಸಾರದವರೆಗೆ

ವಿಜಯಪುರದ ಗೋಳಗುಮ್ಮಟದ ಒಳಮೇಲಂಗಳದಲ್ಲಿ ಗೋಡೆಗೆ ಮುಖಮಾಡಿ ಪಿಸುನುಡಿದ ಮಾತು ಸುಮಾರು 38 ಮೀಟರ್ ಆಚೆ, ಎದುರುಬದಿಯ ಗೋಡೆಗೆ ಕಿವಿಗೊಟ್ಟು ನಿಂತವನಿಗೆ ಕೇಳಿಸುತ್ತದೆ. ಅದೇ ಸ್ಥಳದಲ್ಲಿ ಹತ್ತು ಜನ ಒಮ್ಮೆಗೇ ಮಾತನಾಡತೊಡಗಿದರೆ ಪ್ರತಿಧ್ವನಿಗಳು ಒಂದರ ಮೇಲೊಂದು ಬಿದ್ದು ಯಾರ ಮಾತೂ ಯಾರಿಗೂ ಅರ್ಥವಾಗದು. ಆ ಗುಮ್ಮಟದ ಕೆಳಗೆ ಸಮಾಧಿಸ್ಥನಾಗಿರುವ ಮುಹಮ್ಮದ್ ಆದಿಲ್‌ಶಾಹನ (ಆಳ್ವಿಕೆ 1627-1656) ಹೆಸರನ್ನೇ ಈಗಿನ ಬಬಲೇಶ್ವರ ತಾಲ್ಲೂಕಿನ ಮಮದಾಪುರ ಹೊತ್ತಿದೆ; ಅಲ್ಲಿಯ ವಿಶಾಲವಾದ ಕೆರೆಯೂ ಅವನ ಕಾಲದ್ದೆಂದೇ ಪ್ರಸಿದ್ಧ. ಧ್ವನಿ ದೂರ ಸಾಗುವುದು ಬೇರೆ, ಮಾತು ಮನುಷ್ಯನನ್ನು ತಲುಪುವುದು ಬೇರೆ ಎಂಬ ಭೇದವನ್ನು ಈ ಸೀಮೆಯ ಜನ ಹೀಗೆ ಕಟ್ಟಡವೊಂದರಲ್ಲಿಯೇ ಕಾಣುತ್ತ ಬಂದಿದ್ದಾರೆ. ಧರ್ಮಸಭೆಗಳಿಗೆ ಯಂತ್ರಗಳು ಬಂದ ಚರಿತ್ರೆಯನ್ನು ಪರಿಶೀಲಿಸುವಾಗಲೂ ಈ ಭೇದವೇ ಮೊದಲು ನೆನಪಿಗೆ ಬರತಕ್ಕದ್ದು.

ಶರಣರ ಸಾಹಿತ್ಯಕ್ಕೆ ವಚನವೆಂಬ ಹೆಸರೇ ಅದು ಆಡಿದ ಮಾತೆಂಬುದನ್ನು ಸಾರುತ್ತದೆ. ಮುಂದೆ ತಾಳೆಗರಿಗೆ ಏರಿದರೂ ಜನಸಾಮಾನ್ಯರಿಗೆ ಅದು ಒದಗಿದುದು ಕಿವಿಯಿಂದಲೇ. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಶ್ರಾವಣಮಾಸ ಬಂತೆಂದರೆ ಮಠದಲ್ಲಿಯೋ ಗುಡಿಯ ಅಂಗಳದಲ್ಲಿಯೋ ‘ಪುರಾಣ ಹಚ್ಚುವ’ ರೂಢಿಯುಂಟು. ಒಬ್ಬರು ರಾಗವಾಗಿ ಓದುವರು, ಇನ್ನೊಬ್ಬರು ಅರ್ಥ ಹೇಳುವರು. ತಿಂಗಳ ಕೊನೆಗೆ ಮಂಗಲ. ಈ ಸಭೆಯ ಎಲ್ಲೆಯನ್ನು ನಿರ್ಧರಿಸುತ್ತಿದ್ದುದು ಶಾಸ್ತ್ರಿಗಳ ಕಂಠ. ಅದು ಎಷ್ಟು ದೂರ ಹೋಗುವುದೋ ಅಷ್ಟೇ ಸಭೆ. ಗೋಡೆಯಾಚೆ ಕುಳಿತವರಿಗೂ, ಹಿಂದಿನ ಸಾಲಿನಲ್ಲಿ ಮಕ್ಕಳನ್ನು ಮಡಿಲಲ್ಲಿ ಇಟ್ಟುಕೊಂಡ ತಾಯಂದಿರಿಗೂ ಅರ್ಧ ಕೇಳಿಸುತ್ತಿತ್ತು, ಅರ್ಧ ಇಲ್ಲ. ದೊಡ್ಡ ಕಂಠವಿಲ್ಲದ ವಿದ್ವಾಂಸನಿಗೆ ದೊಡ್ಡ ಸಭೆಯೂ ಇರಲಿಲ್ಲ.

ಮಾತನ್ನು ದೂರಕ್ಕೆ ಒಯ್ಯುವ ಮೊದಲ ಯಂತ್ರವಾಗಿ ಈ ಭಾಗಕ್ಕೆ ಒದಗಿದುದು ಮುದ್ರಣಯಂತ್ರ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು (1880-1964) ಮನೆಮನೆಯ ತಾಳೆಗರಿಗಳನ್ನು ಹುಡುಕಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು 1923ರಲ್ಲಿ ಹೊರತಂದರು, 1925ರಲ್ಲಿ ಸ್ವಂತ ಹಿತಚಿಂತಕ ಮುದ್ರಣಾಲಯವನ್ನೂ ಮರುವರ್ಷ ‘ಶಿವಾನುಭವ’ ಪತ್ರಿಕೆಯನ್ನೂ ಆರಂಭಿಸಿದರು. ಅವರ ಸಾಹಸ ಸರ್ವವಿದಿತವಾದುದರಿಂದ ಇಲ್ಲಿ ವಿಸ್ತರಿಸಬೇಕಾಗಿಲ್ಲ. ಆದರೆ ಮುದ್ರಣ ತಲುಪಿದುದು ಓದಬಲ್ಲವರನ್ನು ಎಂಬುದನ್ನು ಮರೆಯುವಂತಿಲ್ಲ. ಓದು ಬಾರದವನಿಗೆ ಮತ್ತೆ ಕಂಠವೇ ಬೇಕಾಗಿತ್ತು.

ಆ ಕಂಠಕ್ಕೆ ಬಲ ತಂದುಕೊಟ್ಟುದು ವಿದ್ಯುತ್ತು. ಧ್ವನಿಗ್ರಾಹಕ, ವರ್ಧಕ, ಕಂಬಕ್ಕೆ ಕಟ್ಟಿದ ತುತ್ತೂರಿಯಾಕಾರದ ಧ್ವನಿವರ್ಧಕ ಇವು ಮೂರೂ ಕೂಡಿ ಹಳ್ಳಿಯವರ ಬಾಯಲ್ಲಿ ‘ಮೈಕ್ ಸೆಟ್’ ಎನಿಸಿದವು. 1950ರ ಜನವರಿ 8ರಂದು ಧಾರವಾಡದಲ್ಲಿ, 1966ರಲ್ಲಿ ಕಲಬುರಗಿಯಲ್ಲಿ ಆಕಾಶವಾಣಿ ಕೇಂದ್ರಗಳು ಪ್ರಾರಂಭವಾದವು. ಮಲ್ಲಿಕಾರ್ಜುನ ಮನಸೂರರು (1910-1992) ಹಿಂದೂಸ್ತಾನಿ ರಾಗಗಳಲ್ಲಿ ಹಾಡಿದ ವಚನಗಳು ಬಾನುಲಿಯಿಂದಲೂ ಧ್ವನಿಮುದ್ರಿಕೆಗಳಿಂದಲೂ ಮನೆಗಳನ್ನು ಹೊಕ್ಕವು. ಮೈಕಿನಿಂದ ಹಾನಿಯೂ ಆಯಿತು. ತುತ್ತೂರಿ ಧ್ವನಿವರ್ಧಕ ದೂರಕ್ಕೆ ಕೂಗುತ್ತದೆಯೇ ಹೊರತು ಮಾತಿನ ಮಾರ್ದವವನ್ನು ಉಳಿಸುವುದಿಲ್ಲ. ಗಾಳಿಯಲ್ಲಿ ಶಬ್ದ ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ನೂರು ಮೀಟರ್ ಅಂತರದಲ್ಲಿ ಎರಡು ಧ್ವನಿವರ್ಧಕಗಳನ್ನು ಕಟ್ಟಿದರೆ ಒಂದರ ಬಳಿ ಕುಳಿತವನಿಗೆ ಪ್ರತಿಯೊಂದು ಪದವೂ ಸೆಕೆಂಡಿನ ಮೂರರಲ್ಲೊಂದು ಭಾಗದಷ್ಟು ತಡವಾಗಿ ಮತ್ತೊಮ್ಮೆ ಕೇಳಿಸುತ್ತದೆ. ಗೋಳಗುಮ್ಮಟದ ಗದ್ದಲ ಬಯಲಿನಲ್ಲಿಯೂ ಹುಟ್ಟುವುದು ಹೀಗೆ. ಊರೂರಿಗೆ ಮೈಕಿನ ಪೈಪೋಟಿ ಬೆಳೆದು ಕಡೆಗೆ ಸರಕಾರವೇ ನಡುವೆ ಬರಬೇಕಾಯಿತು. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕವನ್ನು ನಿರ್ಬಂಧಿಸಿದವು. ಭಕ್ತಿಯನ್ನು ಗದ್ದಲದಿಂದ ಅಳೆಯುವ ಅಭ್ಯಾಸ ಅದರಿಂದ ತಪ್ಪಿತೆಂದು ಹೇಳಲಾಗದು.

ದೃಶ್ಯದ ವಿಷಯದಲ್ಲಿ ಈ ಜಿಲ್ಲೆಗೆ ಒಂದು ವಿಶಿಷ್ಟ ಸ್ಥಾನವಿದೆ; ಅದು ಈಚಿನ ತಲೆಮಾರಿಗೆ ಬಹುಮಟ್ಟಿಗೆ ಮರೆತುಹೋಗಿದೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಭಾರತದಲ್ಲಿ ಉಪಗ್ರಹ ಬೋಧನಾ ದೂರದರ್ಶನ ಪ್ರಯೋಗ ನಡೆಯಿತು. ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ಕಾರ್ಯಕ್ರಮಗಳು ನೇರವಾಗಿ ಬರುತ್ತಿದ್ದವು. ಕರ್ನಾಟಕದಲ್ಲಿ ಆರಿಸಲಾದ ಜಿಲ್ಲೆಗಳು ಅಂದಿನ ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಪ್ರಾರಂಭವಾದುದು 1981ರ ನವೆಂಬರ್ 1ರಂದು. ಅಂದರೆ ರಾಜಧಾನಿಗಿಂತ ಆರು ವರ್ಷ ಮೊದಲೇ ಈ ಜಿಲ್ಲೆಯ ಕೆಲವು ಹಳ್ಳಿಗಳು ಆಕಾಶದಿಂದ ಇಳಿದ ಚಿತ್ರವನ್ನು ಕಂಡವು. ತಂತಿಬಲೆ ಹೆಣೆದ, ಹತ್ತಡಿ ಅಗಲದ ಕೊಡೆಯಂಥ ಗ್ರಾಹಕವನ್ನು ನಿಲ್ಲಿಸಿ, ಸಾರ್ವಜನಿಕ ಸ್ಥಳದಲ್ಲಿ ಒಂದೇ ಪೆಟ್ಟಿಗೆಯ ಮುಂದೆ ಊರವರು ನೆರೆಯುತ್ತಿದ್ದರು. ಬಂದುದು ಪೂಜೆಯಲ್ಲ, ಒಕ್ಕಲುತನ, ಆರೋಗ್ಯ, ಶಾಲಾಪಾಠಗಳ ಸಂಗತಿ. ಆದರೆ ದೂರದ ದೃಶ್ಯವನ್ನು ಜನ ಕೂಡಿ ಕುಳಿತು ನೋಡಿದರು, ಒಬ್ಬೊಬ್ಬರಾಗಿ ಅಲ್ಲ. ಮುಂದೆ ಬಂದ ಯಂತ್ರಗಳೆಲ್ಲ ಈ ಕೂಡುವಿಕೆಯನ್ನು ಬಿಡಿಸುತ್ತ ಹೋದವು. 1980ರ ದಶಕದಲ್ಲಿ ಹರಡಿದ ಕ್ಯಾಸೆಟ್ಟು ಪ್ರವಚನವನ್ನು ಮನೆಗೆ ತಂದಿತು, ಮೊಬೈಲು ಅದನ್ನು ಒಬ್ಬನ ಅಂಗೈಗೆ ತಂದಿತು.

ಧ್ವನಿಯಂತ್ರದ ಸದ್ಬಳಕೆಗೆ ಈ ಸೀಮೆಯಲ್ಲಿಯೇ ಒಂದು ಉಜ್ವಲ ನಿದರ್ಶನವುಂಟು. ಈಗಿನ ತಿಕೋಟಾ ತಾಲ್ಲೂಕಿನ ಬಿಜ್ಜರಗಿಯಲ್ಲಿ ಜನಿಸಿದ ವಿಜಯಪುರ ಜ್ಞಾನಯೋಗಾಶ್ರಮದ ಶ್ರೀ ಸಿದ್ಧೇಶ್ವರ ಸ್ವಾಮಿಗಳು ಯುವಕರಾಗಿದ್ದಾಗಲೇ ತಮ್ಮ ಗುರುಗಳಾದ ಶ್ರೀ ಮಲ್ಲಿಕಾರ್ಜುನ ಸ್ವಾಮಿಗಳ ಪ್ರವಚನಗಳನ್ನು ಸಂಗ್ರಹಿಸಿ ‘ಸಿದ್ಧಾಂತ ಶಿಖಾಮಣಿ’ಯ ಗ್ರಂಥವನ್ನು ಸಿದ್ಧಗೊಳಿಸಿದವರು. ಕಿವಿಯಿಂದ ಕೇಳಿದುದನ್ನು ಉಳಿಸುವ ಹೊಣೆ ಅವರಿಗೆ ಹೀಗೆ ಆರಂಭದಿಂದಲೂ ಪರಿಚಿತವಾಗಿತ್ತು. ಮುಂದೆ ಅವರೇ ಪ್ರವಚನಕ್ಕೆ ಕುಳಿತಾಗ ಮುಂಜಾವಿನಲ್ಲಿ ಸಾವಿರಾರು ಜನ ಬಂದು ಸೇರುತ್ತಿದ್ದರು. ಸ್ವಾಮಿಗಳ ಸ್ವರ ಮೆಲುವಾದುದು. ಕೂಗಿ ಹೇಳುವುದು, ಮೇಜು ಕುಟ್ಟುವುದು ಅವರಲ್ಲಿ ಇರಲಿಲ್ಲ. ನಡುನಡುವೆ ಮೌನವೂ ಬರುತ್ತಿತ್ತು. ಆ ಮೌನದಲ್ಲಿ ಸಭೆ ಅಲುಗಾಡುತ್ತಿರಲಿಲ್ಲ. ಯಂತ್ರವಿಲ್ಲದ ಕಾಲದಲ್ಲಿ ಇಂಥ ಕಂಠಕ್ಕೆ ಐವತ್ತು ಜನರ ಸಭೆ ದಕ್ಕುತ್ತಿತ್ತೇನೋ. ಮೈಕು ದೊಡ್ಡ ಕಂಠವನ್ನು ಇನ್ನೂ ದೊಡ್ಡದು ಮಾಡುವ ಸಾಧನವೆಂದೇ ಬಹಳ ಕಡೆ ಬಳಕೆಯಾಗಿದೆ. ಸಣ್ಣ ಕಂಠವನ್ನು ಸಣ್ಣದಾಗಿಯೇ ಉಳಿಸಿ ದೂರದವನ ಕಿವಿಯ ಬಳಿ ತಂದು ನಿಲ್ಲಿಸುವುದೂ ಅದರಿಂದ ಸಾಧ್ಯವೆಂಬುದು ಈ ಸಭೆಗಳಲ್ಲಿ ಕಂಡುಬಂತು. ಧ್ವನಿ ನಿಯಂತ್ರಿಸುವವನ ಕೆಲಸ ಇಲ್ಲಿ ಕೇವಲ ಕೂಲಿಯ ಕೆಲಸವಲ್ಲ. ಅವನು ಗುಂಡಿಯೊಂದನ್ನು ತುಸು ಹೆಚ್ಚು ತಿರುಗಿಸಿದರೆ ಶಿಳ್ಳೆ ಹೊಡೆದು ಮೌನ ಮುರಿದೀತು, ತುಸು ಕಡಿಮೆ ಮಾಡಿದರೆ ಹಿಂದಿನವರು ಎದ್ದಾರು.

2020ರ ಮಾರ್ಚ್ 25ರಂದು ದೇಶವ್ಯಾಪಿ ನಿರ್ಬಂಧ ಜಾರಿಗೆ ಬಂದಾಗ ಸಭೆಯೆಂಬುದೇ ಇಲ್ಲವಾಯಿತು. ಆ ವರ್ಷ ಏಪ್ರಿಲ್ 26ರ ಬಸವ ಜಯಂತಿ ಮೆರವಣಿಗೆಯಿಲ್ಲದೆ ಕಳೆಯಿತು. ಜೂನ್ 8ರವರೆಗೆ ಗುಡಿಗಳ ಬಾಗಿಲು ಭಕ್ತರಿಗೆ ಮುಚ್ಚಿದ್ದವು. ಅದುವರೆಗೆ ಅಲಂಕಾರವೆಂಬಂತೆ ಇದ್ದ ನೇರಪ್ರಸಾರ ಏಕಮಾತ್ರ ಮಾರ್ಗವಾಯಿತು. ಕ್ಯಾಮರಾ ಹಿಡಿಯುವ ಅಭ್ಯಾಸವಿಲ್ಲದ ಮರಿಗಳೂ ವಿದ್ಯಾರ್ಥಿಗಳೂ ಮೊಬೈಲನ್ನು ಮೂರುಕಾಲಿನ ಮೇಲೆ ನಿಲ್ಲಿಸಿ ಪ್ರಸಾರ ಮಾಡಲು ಕಲಿಯಬೇಕಾಯಿತು.

ಇಂಥ ಪ್ರಸಾರಗಳಲ್ಲಿ ಸಾಮಾನ್ಯವಾಗಿ ಕಾಣುವ ದೋಷವೊಂದನ್ನು ಹೇಳಲೇಬೇಕು. ಚಿತ್ರದ ಕಡೆಗೆ ಎಲ್ಲರ ಲಕ್ಷ್ಯ, ಧ್ವನಿಯ ಕಡೆಗೆ ಯಾರದೂ ಇಲ್ಲ. ಇಪ್ಪತ್ತಡಿ ದೂರದ ಮೊಬೈಲು ವಕ್ತಾರರ ಮಾತಿಗಿಂತ ಹೆಚ್ಚಾಗಿ ಫ್ಯಾನಿನ ಸದ್ದನ್ನೂ ಗೋಡೆಯ ಪ್ರತಿಧ್ವನಿಯನ್ನೂ ಹಿಡಿಯುತ್ತದೆ. ಮೈಕಿನ ಮಿಶ್ರಕಯಂತ್ರದಿಂದ ಒಂದು ತಂತಿಯನ್ನು ನೇರವಾಗಿ ಎಳೆದರೆ ಈ ತೊಂದರೆ ನೀಗುತ್ತದೆ. ಅದಕ್ಕೆ ತಗಲುವ ವೆಚ್ಚ ಒಳ್ಳೆಯ ಕ್ಯಾಮರಾದ ಬೆಲೆಯ ಮುಂದೆ ಅತ್ಯಲ್ಪ. ಚಿತ್ರದ ಭಾರವೂ ಅಲಕ್ಷಿಸುವಂಥದಲ್ಲ. ಸೆಕೆಂಡಿಗೆ 3 ಮೆಗಾಬಿಟ್‌ನಂತೆ ಕಳಿಸುವ ಪ್ರಸಾರ ಗಂಟೆಗೆ ಸುಮಾರು 1.35 ಗಿಗಾಬೈಟ್ ಮಾಹಿತಿಯನ್ನು ಬೇಡುತ್ತದೆ. ನೋಡುವವನೂ ಅಷ್ಟನ್ನೇ ತನ್ನ ಖಾತೆಯಿಂದ ತೆರಬೇಕು. ಧ್ವನಿಯೊಂದೇ ಆದರೆ ಇದರ ಇಪ್ಪತ್ತರಲ್ಲೊಂದು ಪಾಲೂ ಬೇಕಾಗದು. ಸಂಪರ್ಕ ದುರ್ಬಲವಾದ ಹಳ್ಳಿಯ ಮನೆಯಲ್ಲಿ ಹಾಸಿಗೆ ಹಿಡಿದ ಮುದುಕಿಗೂ, ದುಡಿಯಲು ಗೋವೆಗೋ ಮಹಾರಾಷ್ಟ್ರಕ್ಕೋ ಹೋದ ಕುಟುಂಬಕ್ಕೂ ಇದು ಸಣ್ಣ ಮಾತಲ್ಲ. ಚಿತ್ರ ನಿಂತು ನಿಂತು ಬಂದರೂ ಮಾತು ಕಡಿಯದಿದ್ದರೆ ಪ್ರವಚನ ಉಳಿಯುತ್ತದೆ.

ಇನ್ನೊಂದು ವಿಷಯವಿದೆ. ‘ನೇರ’ವೆಂದು ಕರೆದರೂ ಈ ಪ್ರಸಾರ ಕೆಲವು ಸೆಕೆಂಡುಗಳಿಂದ ಅರ್ಧ ನಿಮಿಷದವರೆಗೆ ತಡವಾಗಿ ಮುಟ್ಟುತ್ತದೆ, ಒಂದೊಂದು ಮನೆಗೆ ಒಂದೊಂದು ಪ್ರಮಾಣದಲ್ಲಿ. ಆದಕಾರಣ ಪಂಚಾಕ್ಷರಿಯ ಸಾಮೂಹಿಕ ಜಪವಾಗಲಿ ಮಂಗಳಾರತಿಯಾಗಲಿ ಎಲ್ಲ ಮನೆಗಳಲ್ಲಿ ಏಕಕಾಲಕ್ಕೆ ಕೂಡಲಾರದು. ಪ್ರತಿ ಮನೆಯೂ ಪೀಠವನ್ನು ಅನುಸರಿಸಬಲ್ಲದು, ಆದರೆ ಮನೆಮನೆಗಳು ಪರಸ್ಪರ ದನಿಗೂಡಿಸಲಾರವು. ಸಮೂಹಗಾನದಿಂದ ಹುಟ್ಟುವ ಒಂದು ಬಗೆಯ ಮೈಮರೆವು ಯಂತ್ರದ ಈ ಅಂತರದಲ್ಲಿ ಸೋರಿಹೋಗುತ್ತದೆ.

ಇಷ್ಟಲಿಂಗ ಪೂಜೆಯ ಸಂದರ್ಭದಲ್ಲಿ ಪ್ರಶ್ನೆ ಮತ್ತಷ್ಟು ಸೂಕ್ಷ್ಮವಾಗುತ್ತದೆ. ಗುಡಿಯ ಮೂರ್ತಿಯನ್ನು ನೋಡಬೇಕಾದ ಭಕ್ತನಿಗೆ ಪರದೆ ಒಂದು ಕಿಟಕಿಯಾದೀತು. ಲಿಂಗಧಾರಿಯ ಆರಾಧ್ಯವಸ್ತುವಾದರೋ ಅವನ ಅಂಗೈಯಲ್ಲಿಯೇ ಇದೆ. ದೃಷ್ಟಿ ನೆಡಬೇಕಾದುದು ಅಲ್ಲಿ. ಪೀಠಾಚಾರ್ಯರು ವೇದಿಕೆಯ ಮೇಲೆ ನಡೆಸುವ ಇಷ್ಟಲಿಂಗ ಮಹಾಪೂಜೆಯನ್ನು ಪ್ರಸಾರದಲ್ಲಿ ಅನುಸರಿಸುವವನು ಪರದೆಯನ್ನು ನೋಡಿದರೆ ಕರಸ್ಥಲವನ್ನು ಬಿಟ್ಟಂತಾಯಿತು, ಕರಸ್ಥಲವನ್ನು ನೋಡಿದರೆ ಪರದೆ ನಿರುಪಯೋಗಿ. ಆಗ ಅವನಿಗೆ ಆಸರೆಯಾಗಿ ಉಳಿಯುವುದು ಕೇಳಿಬರುವ ಮಂತ್ರವೊಂದೇ. ಈ ಸಂಪ್ರದಾಯದಲ್ಲಿ ಯಂತ್ರ ಮೊದಲು ಕಿವಿಯ ಸೇವಕನಾಗಿರಬೇಕು, ಆಮೇಲೆ ಕಣ್ಣಿನದು ಎಂದು ಹೇಳಲು ಇದಕ್ಕಿಂತ ಬಲವಾದ ಕಾರಣ ಬೇಕಿಲ್ಲ. ಪ್ರಸಾರದ ವ್ಯವಸ್ಥೆ ನೋಡುವವರು ಪುಷ್ಪಾಲಂಕಾರವನ್ನು ನಾಲ್ಕು ಕೋನಗಳಿಂದ ತೋರಿಸುವ ಉತ್ಸಾಹವನ್ನು ಮಂತ್ರದ ಸ್ಪಷ್ಟತೆಗೆ ವ್ಯಯಿಸಿದರೆ ಭಕ್ತರಿಗೆ ಉಪಕಾರವಾದೀತು.

ದೀಕ್ಷೆಯ ಮಾತಂತೂ ಬೇರೆಯೇ. ವೇಧಾದೀಕ್ಷೆಯಲ್ಲಿ ಗುರುವಿನ ಹಸ್ತ ಶಿಷ್ಯನ ಮಸ್ತಕದ ಮೇಲಿರುತ್ತದೆ. ಮಂತ್ರದೀಕ್ಷೆಯಲ್ಲಿ ಮಂತ್ರ ಕಿವಿಯಲ್ಲಿ ಉಪದೇಶವಾಗುತ್ತದೆ. ಕ್ರಿಯಾದೀಕ್ಷೆಯಲ್ಲಿ ಲಿಂಗ ಕರಸ್ಥಲಕ್ಕೆ ಬರುತ್ತದೆ. ಒಬ್ಬನ ಕಿವಿಗೆ ಮಾತ್ರ ನುಡಿಯಬೇಕಾದುದನ್ನು ಲಕ್ಷ ಜನರಿಗೆ ಕೇಳಿಸುವ ಯಂತ್ರಕ್ಕೆ ಇಲ್ಲಿ ಪ್ರವೇಶವಿಲ್ಲ. ಅಷ್ಟಾವರಣಗಳಲ್ಲಿ ಪಾದೋದಕ, ಪ್ರಸಾದಗಳೂ ತಂತಿಯ ಮೇಲೆ ಬರುವಂಥವಲ್ಲ. ದಾಸೋಹದ ಪಂಕ್ತಿಯಲ್ಲಿ ಪಕ್ಕದವನ ಜಾತಿ ಕೇಳದೆ ಕುಳಿತು ಉಣ್ಣುವ ಶಿಕ್ಷಣವನ್ನು ಮನೆಯ ಕುರ್ಚಿಯಲ್ಲಿ ಕುಳಿತು ಪಡೆಯಲಾಗದು. ನೇರಪ್ರಸಾರ ಸುಲಭವಾದ ಮೇಲೆ ಮಠಕ್ಕೆ ಬರಬಲ್ಲವರೂ ಬರುವುದನ್ನು ಬಿಟ್ಟರೆ ಮೊದಲು ನಷ್ಟವಾಗುವುದು ಈ ಪಂಕ್ತಿ.

ಬಿಡಲಿಲ್ಲವೆಂಬುದಕ್ಕೆ ವಿಜಯಪುರವೇ ಸಾಕ್ಷಿ. 2023ರ ಜನವರಿ 2ರಂದು ಶ್ರೀ ಸಿದ್ಧೇಶ್ವರ ಸ್ವಾಮಿಗಳು ಲಿಂಗೈಕ್ಯರಾದರು. ಮರುದಿನದ ಅಂತಿಮದರ್ಶನವನ್ನೂ ಕ್ರಿಯೆಗಳನ್ನೂ ದೂರದರ್ಶನ ವಾಹಿನಿಗಳು ನೇರವಾಗಿ ತೋರಿಸಿದವು. ಮನೆಯಲ್ಲಿದ್ದೇ ನೋಡಬಹುದಾಗಿದ್ದರೂ ಸೈನಿಕ ಶಾಲೆಯ ಮೈದಾನಕ್ಕೆ ಲಕ್ಷಾಂತರ ಜನ ಬಂದರು. ಸ್ವಾಮಿಗಳು 2014ರಲ್ಲಿಯೇ ಬರೆದಿಟ್ಟ ಅಭಿವಂದನ ಪತ್ರದ ಇಚ್ಛೆಯಂತೆ ದೇಹಕ್ಕೆ ಅಗ್ನಿಸಂಸ್ಕಾರವಾಯಿತು. ಸ್ಮಾರಕ ಬೇಡವೆಂಬುದೂ ಆ ಪತ್ರದಲ್ಲಿತ್ತು.

ಗದ್ದುಗೆಯಿಲ್ಲದ ಕಡೆ ಧ್ವನಿಮುದ್ರಿಕೆಯೇ ಉಳಿದ ಕುರುಹು. ಇಂಥ ಪ್ರವಚನಗಳ ಹಳೆಯ ಕ್ಯಾಸೆಟ್ಟುಗಳು ನಾಡಿನ ಎಷ್ಟೋ ಮನೆಗಳ ಗೂಡುಗಳಲ್ಲಿ ಇನ್ನೂ ಬಿದ್ದಿವೆ. ಆ ಕಾಂತಪಟ್ಟಿ ಬಿಸಿಲು, ತೇವ, ಶಿಲೀಂಧ್ರಗಳಿಂದ ವರ್ಷವರ್ಷಕ್ಕೂ ಕೆಡುತ್ತದೆ. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗುತ್ತಿವೆ. ತಾಳೆಗರಿಯನ್ನು ನಕಲು ಮಾಡುವವನು ಒಂದೊಂದೇ ಅಕ್ಷರವನ್ನು ಓದಿ ಬರೆಯಬೇಕಾಗಿದ್ದಂತೆ ಇಲ್ಲಿಯೂ ಅವಸರಕ್ಕೆ ಎಡೆಯಿಲ್ಲ. ತೊಂಬತ್ತು ನಿಮಿಷದ ಕ್ಯಾಸೆಟ್ಟನ್ನು ಗಣಕಕ್ಕೆ ಇಳಿಸಲು ಸಾಮಾನ್ಯವಾಗಿ ತೊಂಬತ್ತು ನಿಮಿಷವೇ ಬೇಕು, ನಡುವೆ ಒಮ್ಮೆ ಮಗ್ಗುಲು ತಿರುವಬೇಕು, ಯಾರಾದರೊಬ್ಬರು ಪಕ್ಕದಲ್ಲಿ ಕುಳಿತು ಕೇಳುತ್ತಿರಬೇಕು.