ಪೇಸ್ಟಿಗೆ ನೊರೆ ಬಂದ ಕಥೆ

ಬೆಳಗಾಯಿತೆಂದರೆ ಅನೇಕ ಮನೆಗಳ ಬಚ್ಚಲಲ್ಲಿ ಹಲ್ಲುಜ್ಜುವ ಜಗಳ ಶುರುವಾಗುತ್ತದೆ. ಬ್ರಷ್ ಬಾಯಿಗೆ ಹೋದ ಕೂಡಲೇ ಮಗು ಮುಖ ಕಿವುಚುತ್ತದೆ, ಉಗುಳುತ್ತದೆ, ಕೆಲವೊಮ್ಮೆ ವಾಂತಿಯನ್ನೂ ಮಾಡಿಕೊಳ್ಳುತ್ತದೆ. ಹಟಮಾರಿ ಎಂಬ ಬೈಗುಳ ಬೀಳುತ್ತದೆ. ಆದರೆ ಕೆಲವರ ಪಾಲಿಗೆ ಪೇಸ್ಟಿನ ನೊರೆ, ಉರಿ, ಅಂಟು ನಿಜಕ್ಕೂ ಸಹಿಸಲಾಗದ ಅನುಭವ. ದೊಡ್ಡವರಲ್ಲೂ ಇಂಥವರಿದ್ದಾರೆ. ಹಲ್ಲು ಶುಚಿಯಾಗಲು ಇವೆಲ್ಲ ಬೇಕೇ ಬೇಕೆ? ಪೇಸ್ಟು ಈಗಿನ ರೂಪಕ್ಕೆ ಬಂದ ಬಗೆಯನ್ನು ನೋಡಿದರೆ ಈ ಪ್ರಶ್ನೆಗೆ ಉತ್ತರ ಸಿಗುತ್ತದೆ.

ಕಡ್ಡಿಯ ಕಾಲ

ನಮ್ಮಲ್ಲಿ ಹಲ್ಲುಜ್ಜಲು ಮೊದಲಿನಿಂದ ಇದ್ದದ್ದು ಹಲ್ಲುಕಡ್ಡಿ. ಚರಕ ಮತ್ತು ಸುಶ್ರುತ ಸಂಹಿತೆಗಳು ಇದನ್ನು ದಂತಕಾಷ್ಠ ಎಂದು ಕರೆದಿವೆ. ಹನ್ನೆರಡು ಅಂಗುಲ ಉದ್ದ, ಕಿರುಬೆರಳಿನಷ್ಟು ದಪ್ಪ ಇರಬೇಕೆಂಬುದು ಸುಶ್ರುತನ ಲೆಕ್ಕ. ಕಹಿ ಬೇಕಾದವರಿಗೆ ಬೇವು, ಒಗರಿಗೆ ಕಗ್ಗಲಿ, ಸಿಹಿಗೆ ಹಿಪ್ಪೆ, ಖಾರಕ್ಕೆ ಹೊಂಗೆ ಶ್ರೇಷ್ಠವೆಂದು ಅಲ್ಲಿ ಹೇಳಿದೆ. ಬಾಯಿಹುಣ್ಣು, ಗಂಟಲು ಬೇನೆ, ವಾಂತಿ ಇರುವವರು ಕಡ್ಡಿಯನ್ನು ಮುಟ್ಟಬಾರದೆಂಬ ಎಚ್ಚರಿಕೆಯೂ ಇದೆ. ಆಯಾ ವ್ಯಕ್ತಿಯ ಬಾಯಿಗೆ ಹೊಂದುವುದನ್ನು ಆರಿಸಿಕೊಳ್ಳಬೇಕೆಂಬ ವಿಚಾರ ಹೊಸದೇನಲ್ಲ.

ಕಡ್ಡಿಯ ಜೊತೆಗೆ ಇದ್ದಿಲು, ಉಪ್ಪು, ಬೂದಿಗಳೂ ಬಳಕೆಯಲ್ಲಿದ್ದವು. ಆಮೇಲೆ ಡಬ್ಬಿಯ ಹಲ್ಲುಪುಡಿ ಬಂತು. ಬಿ.ವಿ. ಪಂಡಿತರು 1913ರಲ್ಲಿ ಸ್ಥಾಪಿಸಿದ ಸದ್ವೈದ್ಯಶಾಲೆಯ ನಂಜನಗೂಡು ಹಲ್ಲುಪುಡಿ ಹಳೆ ಮೈಸೂರಿನ ಮನೆಮನೆಯಲ್ಲೂ ಪರಿಚಿತ ಹೆಸರಾಯಿತು. ಹಾಗೆಂದು ಹಳೆಯದೆಲ್ಲ ಒಳ್ಳೆಯದು ಎನ್ನುವಂತಿಲ್ಲ. ತರಿಯಾದ ಇದ್ದಿಲು ಹಲ್ಲಿನ ಹೊರಕವಚವನ್ನು ಸವೆಸುತ್ತದೆ. ಕೆಲವು ಹಲ್ಲುಪುಡಿ, ಪೇಸ್ಟುಗಳಿಗೆ ಹೊಗೆಸೊಪ್ಪನ್ನೂ ಬೆರೆಸಲಾಗುತ್ತಿತ್ತು; ಕೇಂದ್ರ ಸರ್ಕಾರ 1992ರಲ್ಲಿ ಅದನ್ನು ನಿಷೇಧಿಸಿತು.

ಟ್ಯೂಬು ಮತ್ತು ನೊರೆ

ಪಶ್ಚಿಮದಲ್ಲೂ ಮೊದಲು ಇದ್ದದ್ದು ಪುಡಿಯೇ. 19ನೇ ಶತಮಾನದಲ್ಲಿ ಅದಕ್ಕೆ ಸೀಮೆಸುಣ್ಣ, ಸಾಬೂನು ಬೆರೆಸುವ ರೂಢಿ ಬಂತು. 1873ರಲ್ಲಿ ಕೋಲ್ಗೇಟ್ ಕಂಪನಿ ಪರಿಮಳದ ಪೇಸ್ಟನ್ನು ಭರಣಿಯಲ್ಲಿ ಮಾರಿತು. ಹಿಚುಕುವ ಲೋಹದ ಟ್ಯೂಬನ್ನು 1841ರಲ್ಲಿ ಕಂಡುಹಿಡಿದವನು ಅಮೆರಿಕದ ಚಿತ್ರಕಾರ ಜಾನ್ ಗಾಫ್ ರ್‍ಯಾಂಡ್. ಆತನ ಉದ್ದೇಶ ಬಣ್ಣ ಒಣಗದಂತೆ ಕಾಪಾಡುವುದಾಗಿತ್ತು. ಕನೆಕ್ಟಿಕಟ್‌ನ ದಂತವೈದ್ಯ ವಾಷಿಂಗ್ಟನ್ ಶೆಫೀಲ್ಡ್ 1890ರ ದಶಕದಲ್ಲಿ ಅದೇ ಬಗೆಯ ಟ್ಯೂಬಿಗೆ ಪೇಸ್ಟು ತುಂಬಿದ. 1896ರಲ್ಲಿ ಕೋಲ್ಗೇಟ್ ಕೂಡ ಟ್ಯೂಬಿಗೆ ಬಂತು.

ಮುಂದಿನದು ಜಾಹೀರಾತಿನ ಕಾಲ. ಪೆಪ್ಸೊಡೆಂಟ್‌ಗೆ ಜಾಹೀರಾತು ಬರೆದ ಕ್ಲಾಡ್ ಹಾಪ್‌ಕಿನ್ಸ್, ಹಲ್ಲಿನ ಮೇಲೆ ಕಟ್ಟುವ ಪದರವನ್ನು ನಾಲಿಗೆಯಿಂದ ಸವರಿ ನೋಡಿರೆಂದು ಓದುಗರಿಗೆ ಹೇಳಿದ. 1930ರ ದಶಕದಲ್ಲಿ ಅದೇ ಪೇಸ್ಟಿನಲ್ಲಿ 'ಇರಿಯಮ್' ಎಂಬ ಅದ್ಭುತ ವಸ್ತುವಿದೆಯೆಂದು ಪ್ರಚಾರ ನಡೆಯಿತು. ಅದು ಬೇರೇನೂ ಅಲ್ಲ, ಸೋಡಿಯಂ ಲಾರಿಲ್ ಸಲ್ಫೇಟ್ ಎಂಬ ನೊರೆ ಬರಿಸುವ ಮಾರ್ಜಕ. ಎರಡನೇ ಮಹಾಯುದ್ಧದ ನಂತರ ಪೇಸ್ಟಿನಲ್ಲಿ ಸಾಬೂನಿನ ಜಾಗವನ್ನು ಇಂಥ ಮಾರ್ಜಕಗಳು ಹಿಡಿದವು. ನೊರೆ ಪೇಸ್ಟನ್ನು ಬಾಯಿತುಂಬ ಹರಡಲು ನೆರವಾಗುತ್ತದೆ ನಿಜ. ಹಲ್ಲಿನ ಪದರವನ್ನು ತೆಗೆಯುವುದು ಮಾತ್ರ ಮುಖ್ಯವಾಗಿ ಬ್ರಷ್ಷಿನ ಎಳೆಗಳು. ಹುಳುಕನ್ನು ತಡೆಯುವುದು ಫ್ಲೋರೈಡ್. ನೊರೆ ಬಂದರೇ ಶುಚಿ ಎಂಬ ನಂಬಿಕೆ ಜನರಲ್ಲಿ ಬೆಳೆದದ್ದು ಅಭ್ಯಾಸಬಲದಿಂದ.

ಹಲ್ಲುಜ್ಜಿದ ಕೂಡಲೇ ಕಿತ್ತಳೆ ರಸ ಕಹಿಯಾಗುವುದು ಬಹುಪಾಲು ಈ ಮಾರ್ಜಕದಿಂದಲೇ. ನಾಲಿಗೆಗೆ ಸಿಹಿ ಗೊತ್ತಾಗುವುದನ್ನು ಅದು ಕೆಲಹೊತ್ತು ಕುಗ್ಗಿಸುತ್ತದೆ. ಪುದೀನದ ಮೆಂಥಾಲ್‌ನದು ಇನ್ನೊಂದು ಬಗೆ. ಚಳಿಯನ್ನು ಗುರುತಿಸುವ ನರಗಳ ಗ್ರಾಹಿಯನ್ನೇ ಅದು ಕೆರಳಿಸುತ್ತದೆಂದು 2002ರಲ್ಲಿ ವಿಜ್ಞಾನಿಗಳು ತೋರಿಸಿಕೊಟ್ಟರು. ಒಬ್ಬರಿಗೆ ತಂಪೆನಿಸುವುದು ಮತ್ತೊಬ್ಬರಿಗೆ ಉರಿಯಾಗುವುದುಂಟು.

ಹಟವಲ್ಲ, ಸಂವೇದನೆ

ಸ್ಪರ್ಶ, ರುಚಿ, ಸದ್ದುಗಳನ್ನು ಮೆದುಳು ಗ್ರಹಿಸುವ ರೀತಿ ಎಲ್ಲರಲ್ಲೂ ಒಂದೇ ಅಲ್ಲ ಎಂಬುದನ್ನು ಚಿಕಿತ್ಸೆಯ ವಿಷಯವಾಗಿಸಿದವರಲ್ಲಿ ಅಮೆರಿಕದ ಜೀನ್ ಏರ್ಸ್ ಪ್ರಮುಖರು. ಅವರ ಮುಖ್ಯ ಪುಸ್ತಕ 1972ರಲ್ಲಿ ಪ್ರಕಟವಾಯಿತು. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ತನ್ನ ಕೈಪಿಡಿಯನ್ನು ಪರಿಷ್ಕರಿಸಿದಾಗ, ಸಂವೇದನೆಗಳಿಗೆ ಅತಿಯಾಗಿ ಅಥವಾ ತೀರಾ ಕಡಿಮೆಯಾಗಿ ಸ್ಪಂದಿಸುವುದನ್ನು ಆಟಿಸಂನ ಲಕ್ಷಣಗಳಲ್ಲಿ ಸೇರಿಸಿತು. ಆಟಿಸಂ ಇಲ್ಲದವರಲ್ಲೂ ಈ ತೊಂದರೆ ಕಾಣಿಸಿಕೊಳ್ಳಬಹುದು.

ಇಂಥವರು ಹಲ್ಲುಜ್ಜುವುದನ್ನೇ ಬಿಟ್ಟರೆ ಹಲ್ಲು ಹುಳುಕಾಗುತ್ತದೆ. ಆಗ ದಂತವೈದ್ಯರ ಕುರ್ಚಿ ಏರಬೇಕು. ಅಲ್ಲಿನ ಕಣ್ಣು ಕುಕ್ಕುವ ಬೆಳಕು, ಡ್ರಿಲ್ಲಿನ ಸದ್ದು, ಬಾಯೊಳಗೆ ಆಡುವ ರಬ್ಬರ್ ಗ್ಲೌಸು ಅವರಿಗೆ ಪೇಸ್ಟಿಗಿಂತಲೂ ದೊಡ್ಡ ಹಿಂಸೆ.

ಹಾಗಾದರೆ ದಾರಿ ಯಾವುದು? ಮೊದಲು ಬೇಡವಾದದ್ದು ಯಾವುದೆಂದು ಗುರುತಿಸಬೇಕು: ನೊರೆಯೋ, ಪುದೀನವೋ, ತರಿಯೋ, ಅಂಟೋ? ನೊರೆ ಬೇಡವಾದರೆ ಸೋಡಿಯಂ ಲಾರಿಲ್ ಸಲ್ಫೇಟ್ ಇಲ್ಲದ ಪೇಸ್ಟುಗಳಿವೆ. ಡಬ್ಬಿಯ ಮೇಲಿನ ಪಟ್ಟಿ ಓದಿದರೆ ತಿಳಿಯುತ್ತದೆ. ಪುದೀನ ಒಗ್ಗದವರಿಗೆ ಹಣ್ಣಿನ ರುಚಿಯವು ಇವೆ. ಯಾವ ರುಚಿಯೂ ಇಲ್ಲದ ಪೇಸ್ಟನ್ನೂ ಕೆಲವು ದೇಶಗಳಲ್ಲಿ ತಯಾರಿಸುತ್ತಾರೆ. ಸುಣ್ಣದಂಥ ತರಿ ಹಿಡಿಸದವರು ಜೆಲ್ ನೋಡಬಹುದು. 1967ರಲ್ಲಿ ಕ್ಲೋಸ್‌ಅಪ್ ಮೂಲಕ ಪ್ರಸಿದ್ಧಿಗೆ ಬಂದ ಬಗೆ ಅದು. ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿದರೆ ಯಾವುದು ಹೊಂದಿತೆಂದು ಗೊತ್ತಾಗುತ್ತದೆ.

ಪ್ರಮಾಣವೂ ಮುಖ್ಯ. ಬ್ರಷ್ಷಿನ ಉದ್ದಕ್ಕೂ ಪೇಸ್ಟು ಬಳಿಯುವುದು ಜಾಹೀರಾತಿನ ಚಿತ್ರ. ಮೂರು ವರ್ಷದೊಳಗಿನವರಿಗೆ ಅಕ್ಕಿಕಾಳಿನಷ್ಟು, ಆರರವರೆಗೆ ಬಟಾಣಿಯಷ್ಟು ಸಾಕೆನ್ನುತ್ತಾರೆ ದಂತವೈದ್ಯರು. ಸಾಧ್ಯವಾದಷ್ಟೂ ಫ್ಲೋರೈಡ್ ಇರುವುದನ್ನೇ ಆರಿಸಿಕೊಳ್ಳಬೇಕು. ಪಾವಗಡದಂತೆ ಅಂತರ್ಜಲದಲ್ಲೇ ಫ್ಲೋರೈಡ್ ಹೆಚ್ಚಿರುವ ಕಡೆ ವೈದ್ಯರನ್ನು ಕೇಳಿ ನಿರ್ಧರಿಸುವುದು ಕ್ಷೇಮ. ಯಾವ ಪೇಸ್ಟೂ ಒಗ್ಗದ ದಿನಗಳಲ್ಲಿ ಬರೀ ನೀರಿನಲ್ಲಿ ಅದ್ದಿದ ಬ್ರಷ್ಷಿನಿಂದ ಉಜ್ಜಿದರೂ ಹಲ್ಲಿನ ಪದರ ಸಾಕಷ್ಟು ಹೋಗುತ್ತದೆ. ಹುಳುಕಿನಿಂದ ರಕ್ಷಣೆ ಅಷ್ಟರಿಂದಲೇ ಸಿಗದಾದ್ದರಿಂದ, ಹೊಂದುವ ಪೇಸ್ಟು ಸಿಗುವವರೆಗೆ ಹುಡುಕಾಟ ಮುಂದುವರಿಸಬೇಕು.