ಅಫೀಮು ಮೂಲದ ಮಾದಕಗಳ ಪರೀಕ್ಷೆ

ಮೂತ್ರ, ರಕ್ತ, ಜೊಲ್ಲು ಮುಂತಾದ ದೇಹದ್ರವಗಳಲ್ಲಿ ಮಾರ್ಫಿನ್, ಕೋಡೀನ್, ಹೆರಾಯಿನ್‌ಗಳನ್ನೂ ಅವು ದೇಹದಲ್ಲಿ ಮಾರ್ಪಟ್ಟು ಉಂಟಾಗುವ ವಸ್ತುಗಳನ್ನೂ ಪತ್ತೆಹಚ್ಚುವ ಪ್ರಯೋಗಾಲಯ ವಿಧಾನಗಳು.

ಇಂಥ ಪರೀಕ್ಷೆ ಮೊದಲು ಬೇಕಾದದ್ದು ವಿಷಪ್ರಯೋಗದ ಮೊಕದ್ದಮೆಗಳಲ್ಲಿ. ಜರ್ಮನಿಯ ಫ್ರೀಡ್ರಿಕ್ ಸೆರ್ಟ್ಯುರ್ನರ್ 19ನೆಯ ಶತಮಾನದ ಆರಂಭದಲ್ಲಿ ಅಫೀಮಿನಿಂದ ಮಾರ್ಫಿನನ್ನು ಬೇರ್ಪಡಿಸಿದ. ಗೆಳೆಯನನ್ನು ಮಾರ್ಫಿನ್ ಕೊಟ್ಟು ಕೊಂದನೆಂದು 1823ರಲ್ಲಿ ಪ್ಯಾರಿಸಿನಲ್ಲಿ ವೈದ್ಯ ಕಾಸ್ಟೆಂಗ್‌ನ ವಿಚಾರಣೆ ನಡೆದಾಗ ಶವದಲ್ಲಿ ವಿಷ ಸಿಗಲಿಲ್ಲ. ಇತರ ಸಾಕ್ಷ್ಯಗಳ ಬಲದಿಂದಲೇ ಮರಣದಂಡನೆಯಾಯಿತು. ಬೆಲ್ಜಿಯಮಿನ ಸ್ಟಾಸ್ 1850ರ ನಿಕೋಟಿನ್ ಕೊಲೆಯೊಂದರ ತನಿಖೆಗಾಗಿ, ಅಂಗಾಂಶದಿಂದ ಸಸ್ಯಕ್ಷಾರಗಳನ್ನು ಈಥರಿನಲ್ಲಿ ಕರಗಿಸಿ ತೆಗೆಯುವ ಕ್ರಮ ರೂಪಿಸಿದ. ಒಟ್ಟೊ ಅದನ್ನು ಸುಧಾರಿಸಿದ. 1896ರಲ್ಲಿ ಮಾರ್ಕ್ವಿಸ್ ಬಳಕೆಗೆ ತಂದ ಫಾರ್ಮಾಲ್ಡಿಹೈಡ್ ಮತ್ತು ಸಲ್ಫ್ಯೂರಿಕ್ ಆಮ್ಲದ ಮಿಶ್ರಣ ಮಾರ್ಫಿನ್ ತಾಗಿದರೆ ನೇರಳೆಗೆ ತಿರುಗುತ್ತದೆ. ವಶಪಡಿಸಿಕೊಂಡ ಪುಡಿಯ ಪ್ರಾಥಮಿಕ ತಪಾಸಣೆಗೆ ಅದು ಇಂದಿಗೂ ಬಳಕೆಯಲ್ಲಿದೆ.

1960ರ ದಶಕದಲ್ಲಿ ನ್ಯೂಯಾರ್ಕಿನಲ್ಲಿ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಚಿಕಿತ್ಸೆ ಆರಂಭವಾದಾಗ ರೋಗಿಗಳ ಮೂತ್ರವನ್ನು ಮತ್ತೆ ಮತ್ತೆ ಪರೀಕ್ಷಿಸಬೇಕಾಯಿತು. ಇದಕ್ಕೆ ವಿನ್ಸೆಂಟ್ ಡೋಲ್ ಮತ್ತು ಸಂಗಡಿಗರು 1966ರಲ್ಲಿ ತೆಳುಪದರ ಕ್ರೊಮಟೋಗ್ರಫಿ ಆಧಾರಿತ ವಿಧಾನವೊಂದನ್ನು ಪ್ರಕಟಿಸಿದರು. 1970ರಲ್ಲಿ ಸ್ಪೆಕ್ಟರ್ ಮತ್ತು ಪಾರ್ಕರ್ ಪ್ರತಿಕಾಯಗಳಿಂದ ಮಾರ್ಫಿನನ್ನು ಅಳೆಯುವ ವಿಕಿರಣ ವಿಧಾನವನ್ನು ವರದಿ ಮಾಡಿದರು. ಮರುವರ್ಷ ವಿಯೆಟ್ನಾಮಿನಿಂದ ಹಿಂದಿರುಗುವ ಅಮೆರಿಕದ ಸೈನಿಕರಿಗೆ ಮೂತ್ರಪರೀಕ್ಷೆ ಕಡ್ಡಾಯವಾಯಿತು. ಪ್ರತಿಕಾಯ ವಿಧಾನ ಹೀಗೆ ಸಾಮೂಹಿಕ ತಪಾಸಣೆಯ ಸಾಧನವಾಯಿತು.

1986ರಲ್ಲಿ ಅಮೆರಿಕದ ಅಧ್ಯಕ್ಷ ರೇಗನ್ ಆಜ್ಞೆಯಿಂದ ಪರೀಕ್ಷೆ ಕೇಂದ್ರ ಸರ್ಕಾರಿ ನೌಕರರಿಗೂ ವಿಸ್ತರಿಸಿತು. ಕೆಲಸವೇ ಹೋಗಬಹುದಾದ್ದರಿಂದ 1988ರ ಮಾರ್ಗಸೂಚಿ ಎರಡು ಹಂತಗಳನ್ನು ವಿಧಿಸಿತು: ಮೊದಲು ಪ್ರತಿಕಾಯ ಪರೀಕ್ಷೆ, ಅದರಲ್ಲಿ ಸಿಕ್ಕಿದ್ದಕ್ಕೆ ಗ್ಯಾಸ್ ಕ್ರೊಮಟೋಗ್ರಫಿ–ಮಾಸ್ ಸ್ಪೆಕ್ಟ್ರೊಮೆಟ್ರಿಯ ದೃಢೀಕರಣ. ಆದರೂ ತೊಡಕು ಉಳಿಯಿತು. ಗಸಗಸೆಯಲ್ಲಿ ಅಲ್ಪ ಪ್ರಮಾಣದ ಮಾರ್ಫಿನ್ ನಿಜವಾಗಿಯೂ ಇರುವುದರಿಂದ ಗಸಗಸೆಯ ತಿನಿಸು ತಿಂದವರ ಮೂತ್ರದಲ್ಲೂ ಅದು ಕಾಣಿಸುತ್ತದೆ. ಹೀಗಾಗಿ 1998ರಲ್ಲಿ ಮಾದಕವಿದೆಯೆಂದು ಪರಿಗಣಿಸುವ ಮಿತಿಯನ್ನು ಮಿಲಿಲೀಟರಿಗೆ 300 ನ್ಯಾನೊಗ್ರಾಂನಿಂದ 2000ಕ್ಕೆ ಏರಿಸಲಾಯಿತು. ಹೆರಾಯಿನ್ ಸೇವನೆಗೆ ಖಚಿತ ಗುರುತು 6-ಅಸಿಟೈಲ್‌ಮಾರ್ಫಿನ್. ಅದು ಗಸಗಸೆಯಿಂದ ಉಂಟಾಗದು. ಆದರೆ ಮೂತ್ರದಲ್ಲಿ ಉಳಿಯುವುದು ಕೆಲವೇ ಗಂಟೆ.

ಮಾರ್ಫಿನಿಗೆಂದು ರೂಪಿಸಿದ ಪ್ರತಿಕಾಯಗಳು ಫೆಂಟನಿಲ್, ಮೆಥಡೋನ್‌ಗಳಂಥ ಸಂಶ್ಲೇಷಿತ ಔಷಧಿಗಳನ್ನು ಗುರುತಿಸುವುದಿಲ್ಲ. ಅವುಗಳಿಗೆ ಪ್ರತ್ಯೇಕ ಪರೀಕ್ಷೆಗಳಿವೆ. ಒಂದೇ ಮಾದರಿಯಲ್ಲಿ ಹಲವನ್ನು ಒಟ್ಟಿಗೆ ಅಳೆಯಲು ದ್ರವ ಕ್ರೊಮಟೋಗ್ರಫಿ–ಮಾಸ್ ಸ್ಪೆಕ್ಟ್ರೊಮೆಟ್ರಿಯನ್ನು ಬಳಸಲಾಗುತ್ತದೆ.